ಎಡ ಬಾಗಿಲಿನ ಹೆಸರು

ಮಹಾರಾಷ್ಟ್ರದ ಇಚಲಕರಂಜಿಗೆ ಬಂದ ಎರಡನೆಯ ತಿಂಗಳಲ್ಲಿ, ಒಂದು ಬೆಳಿಗ್ಗೆ ಬಾಗಿಲು ತೆಗೆದು ನೋಡಿದರೆ ನಮ್ಮ ಟೆಂಪೋದ ನಂಬರ್ ಪ್ಲೇಟಿಗೆ ಯಾರೋ ಡಾಂಬರು ಬಳಿದಿದ್ದರು. ಇಡೀ ಪ್ಲೇಟಿಗಲ್ಲ, ‘ಕೆಎ’ ಅನ್ನುವ ಎರಡು ಅಕ್ಷರಗಳಿಗೆ ಮಾತ್ರ. ಅಂಕಿಗಳನ್ನು ಮುಟ್ಟಿರಲಿಲ್ಲ. ಓಣಿಯವರೆಲ್ಲ ಬಾಯಲ್ಲಿ ಬ್ರಷ್ ಇಟ್ಟುಕೊಂಡು ನನ್ನನ್ನೇ ನೋಡುತ್ತಿದ್ದರು. ಯಾರು ಮಾಡಿದ್ದು ಎಂದು ಕೇಳಿದೆ. ಮನೆಯ ಮಾಲಕಿ ಬಾಯಿ ಮುಕ್ಕಳಿಸಿ ಉಗುಳಿ, “ಬಾರ್ಡರಚಂ ಚಾಲೂ ಆಹೆ ನಾ,” ಎಂದಳು. ಗಡಿ ಗಲಾಟೆ ನಡೆದಿದೆಯಲ್ಲ ಎಂದು ಅದರರ್ಥ. ಮಳೆ ಹಿಡಿದಿದೆಯಲ್ಲ ಅನ್ನುವಷ್ಟು ಸಲೀಸಾಗಿ ಹೇಳಿದಳು. ನಮ್ಮೂರು ಮೂಡಲಗಿಯಲ್ಲಿ ನನ್ನ ಒಂದು ಕೋಳಿ ಕಾಣದಾದರೆ ಕದ್ದವನ ಹೆಸರು ಹಿಡಿದು ನಾಲ್ಕು ಜನ ಮನೆಗೆ ಬರುತ್ತಿದ್ದರು. ಇಲ್ಲಿ ಸೀಮೆಎಣ್ಣೆ ಚಿಂದಿ ಹಿಡಿದು ಒಬ್ಬಳೇ ಕೂತು ತಿಕ್ಕಿದೆ.

ನೀವು ಊರಲ್ಲಿ ಕೂತು ಫೋನಿನಲ್ಲಿ ನಗುತ್ತೀರಿ. “ಮೂರ ತಾಸಿನ ಹಾದಿ, ಅದೇನ ಪರದೇಶೇನ?” ಅನ್ನುತ್ತೀರಿ. ಬಂದು ನಾಲ್ಕು ದಿನ ಇದ್ದು ನೋಡಿ ಆಮೇಲೆ ಮಾತಾಡಿ. ನಮ್ಮದು ಮಗ್ಗದ ಶೆಡ್ಡಿನ ಹಿಂದಿನ ಖೋಲಿ, ಅಂದರೆ ಒಂದೇ ಕೋಣೆ. ಗೋಡೆಯ ಆಚೆ ಮಗ್ಗ ಓಡುತ್ತವೆ, ಈಚೆ ನನ್ನ ಚಹದ ಬಟ್ಟಲು ತಾನೇ ಸರಿದು ಕಟ್ಟೆಯ ಅಂಚಿಗೆ ಬರುತ್ತದೆ. ಗಂಡ ಅದೇ ಶೆಡ್ಡಿನಲ್ಲಿ ಹನ್ನೆರಡು ತಾಸಿನ ಪಾಳಿ ಮಾಡುತ್ತಾನೆ. ಒಳ್ಳೆಯವನು, ಆದರೆ ಬಾಯಿ ಸತ್ತ ಮನುಷ್ಯ. ಅವನ ಪಾಲಿನ ಬಾಯಿಯೂ ನನಗೇ ಬಂದಿದೆ. ಅವನ ಟೆಂಪೋ ಓಡಿಸಲು ಕಲಿತು, ಲೈಸನ್ಸ್ ತೆಗೆದುಕೊಂಡು, ನಾನು ಜೋಳದ ರೊಟ್ಟಿಯ ಖಾನಾವಳಿ ಹಾಕಿದೆ. ಮೆಣಸಿನಕಾಯಿಗೆ ಗಡಹಿಂಗ್ಲಜದ ಬಜಾರಕ್ಕೂ ಅದೇ ಗಾಡಿಯಲ್ಲಿ ಹೋಗುತ್ತೇನೆ. ಪಕ್ಕದ ಕೊರೋಚಿಯವರೆಗಿನ ಶೆಡ್ಡುಗಳಲ್ಲಿ ನಮ್ಮ ಕಡೆಯ ಕೆಲಸಗಾರರು ಬೇಕಾದಷ್ಟು ಜನ ಇದ್ದಾರೆ. ನಮ್ಮ ಖಡಕ್ ರೊಟ್ಟಿ ನೋಡಿ ಮನೆಯ ಮಾಲಕಿ, ಇದು ಪಾಪಡವೇ ಎಂದು ಕೇಳಿದಳು. ಇಲ್ಲಿಯವರದು ಭಾಕರಿ, ದಪ್ಪ, ಮೆತ್ತಗೆ. ತಿನ್ನಲಿ ಬಿಡಿ, ಯಾರು ಬೇಡ ಅಂದರು? ಮರಾಠಿಯಲ್ಲಿ ನಾನು ಮೊದಲು ಕಲಿತದ್ದು ಬೈಗುಳ, ಆಮೇಲೆ ತರಕಾರಿಯ ಹೆಸರು. ಆದರೂ ಬಾಯಿ ಬಿಟ್ಟರೆ ಬಣ್ಣಗೇಡು. ಎರಡನೆಯ ಮಾತಿಗೇ “ತುಮ್ಹಿ ಕರ್ನಾಟಕಚೇ ಕಾ?” ಎಂದು ಹಿಡಿದುಬಿಡುತ್ತಾರೆ.

ಡಾಂಬರಿನ ಸುದ್ದಿ ಕೇಳಿ ಮಹಾಗಾಂವದಿಂದ ಭಾವ ಬಂದರು. ಗಂಡನ ದೊಡ್ಡಪ್ಪನ ಮಗ. ಗಡಹಿಂಗ್ಲಜ ತಾಲೂಕಿನ ಆ ಊರಿನಲ್ಲಿ ಕುರಿ, ಹೊಲ ಎಂದು ಅವರ ಮನೆತನ ಬೇರು ಬಿಟ್ಟು ಎಷ್ಟೋ ಕಾಲವಾಗಿದೆ. ಮನೆಯಲ್ಲಿ ಕನ್ನಡ, ಬಾಗಿಲ ಹೊರಗೆ ಮರಾಠಿ. ಗಾಡಿಗೆ ಕೊಲ್ಹಾಪುರದ ನಂಬರು ಬೇಕೆಂದರೆ ಮಹಾರಾಷ್ಟ್ರದ ವಿಳಾಸ ಬೇಕು. ನಮ್ಮ ಮಾಲಕಿ ಬಾಡಿಗೆಯ ಕಾಗದ ಮಾಡಿಕೊಡಲು ಒಪ್ಪಲಿಲ್ಲ. “ನನ್ನ ಹೆಸರಿಗೆ ಮಾಡ್ರಿ. ಹೆಸರ ನಂದು, ಗಾಡಿ ನಿಮ್ದು,” ಎಂದು ಭಾವ ನನ್ನ ಗಂಡನಿಗೆ ಹೇಳಿದರು. ಹಾಗೇ ಆಯಿತು. ಎಡ ಬಾಗಿಲ ಮೇಲೆ ಅವರ ಹೆಸರು, ಊರು ಬಿಳಿ ಅಕ್ಷರದಲ್ಲಿ ಬಂದವು. ಉಪಕಾರ ಮಾಡಿದರು, ಇಲ್ಲ ಅನ್ನುವುದಿಲ್ಲ.

ಆ ಹೆಸರನ್ನು ನಾನು ಇಲ್ಲಿಯತನಕ ಬರೆದಿಲ್ಲ. ಏಕೆಂದು ಊರಿನ ಹೆಂಗಸರಿಗೆ ಹೇಳಬೇಕಾಗಿಲ್ಲ. ಗಂಡನ ಹೆಸರನ್ನು ಹೇಗೆ ಬಾಯಿ ಬಿಟ್ಟು ಹೇಳುವುದಿಲ್ಲವೋ ಭಾವನದನ್ನೂ ಹಾಗೆಯೇ. ಅವರೂ ತಮ್ಮನ ಹೆಂಡತಿಯ ಜೊತೆ ನೇರ ಮಾತಾಡುವುದಿಲ್ಲ. ನಡುವೆ ಯಾರನ್ನಾದರೂ ನಿಲ್ಲಿಸಿಕೊಂಡು “ಆಕೀಗೆ ಹೇಳ್ರಿ” ಅನ್ನುತ್ತಾರೆ. ಈ ರೀತಿ ರಿವಾಜನ್ನೆಲ್ಲ ನಾನು ಗಡಿಯ ಕೊಗನೋಳಿ ಟೋಲ್ ನಾಕಾದ ಆಚೆಯಿಂದ ಮಡಿಚಿ ತಂದಿದ್ದೆ.

ಹೋದ ವರ್ಷ ಮಳೆಗಾಲದಲ್ಲಿ ಭಾವ ಒಂದು ದಿನಕ್ಕೆಂದು ಟೆಂಪೋ ಒಯ್ದರು. ಚಂದಗಡದ ಕಡೆಯಿಂದ ಕುರಿ ತರುವುದಿತ್ತಂತೆ. ಒಂದು ದಿನ ಹೋಗಿ ನಾಲ್ಕಾಯಿತು. ಬಡಿದಿಟ್ಟ ರೊಟ್ಟಿ ನನ್ನ ಖೋಲಿಯಲ್ಲಿ, ಹಸಿದ ಕೆಲಸಗಾರರು ಶೆಡ್ಡಿನಲ್ಲಿ! ಬಸ್ಸು ಹತ್ತಿ ಮಹಾಗಾಂವಕ್ಕೆ ಹೋದೆ. ಅಂಗಳದಲ್ಲಿ ಗಾಡಿ ನಿಂತಿತ್ತು, ಒಳಗೆ ಹಿಕ್ಕೆಯ ಹಾಸಿಗೆ, ಪಕ್ಕದ ತಗಡು ಒಳಕ್ಕೆ ಹೋಗಿತ್ತು. ಪಡಸಾಲೆಯಲ್ಲಿ ಅವರ ಬೀಗರು ಚಹ ಕುಡಿಯುತ್ತಾ ಕೂತಿದ್ದರು. ನನಗೆ ಮೈಮೇಲೆ ಎಚ್ಚರವಿರಲಿಲ್ಲ. ನಡುವೆ ಯಾರನ್ನೂ ನಿಲ್ಲಿಸಿಕೊಳ್ಳದೆ, ಅವರ ಮುಖಕ್ಕೇ ಅಂದೆ: “ಬಾಗಲ ಮ್ಯಾಲಿಂದು ಬರೇ ಬಣ್ಣ ಐತ್ರಿ, ಭಾವಾರ. ಗಾಡಿ ನಮ್ದು!”

ಯಾರೂ ಬಟ್ಟಲು ಎತ್ತಲಿಲ್ಲ. ಭಾವ ಕೀಲಿಯನ್ನು ಕಟ್ಟೆಯ ಮೇಲಿಟ್ಟು ಒಳಗೆ ಹೋದರು. ಮನೆಗೆ ಬಂದವಳೇ ಪಾಲಿಶ್ ಪೇಪರ್ ತೆಗೆದುಕೊಂಡು ಎಡ ಬಾಗಿಲಿನ ಹೆಸರನ್ನು ಉಜ್ಜಿ ಉಜ್ಜಿ ತೆಗೆದು, ಕೆಂಪು ಪ್ರೈಮರ್ ಬಳಿದೆ. ಗಂಡ ನೋಡಿದ, ಎರಡು ದಿನ ಊಟ ಅರ್ಧ ಮಾಡಿದ. ಸಿಟ್ಟಿನಲ್ಲಿ ಕೊಯ್ದ ಮೂಗು ಮತ್ತೆ ಬರುವುದಿಲ್ಲ ಅನ್ನುತ್ತಾರೆ. ಆಗ ಆ ಮಾತು ಯಾರಿಗೆ ಬೇಕಿತ್ತು?

ಈ ವರ್ಷ ಪಾಸಿಂಗ್ ಬಂತು. ಗಾಡಿ ರಸ್ತೆಗೆ ಯೋಗ್ಯವಿದೆ ಎಂದು ಸರಕಾರದ ಸಾಹೇಬರು ನೋಡಿ ಕೊಡುವ ಕಾಗದಕ್ಕೆ ಇಲ್ಲಿ ಎಲ್ಲರೂ ಪಾಸಿಂಗ್ ಅನ್ನುತ್ತಾರೆ. ನನ್ನ ಅರ್ಧಕ್ಕಿಂತ ಹೆಚ್ಚು ರೊಟ್ಟಿ ಹೋಗುವುದು ಒಂದು ದೊಡ್ಡ ಗಿರಣಿಗೆ. ಅದರ ಗೇಟಿನವನು ಸೋಮವಾರದಿಂದ ಪಾಸಿಂಗ್ ಇಲ್ಲದ ಗಾಡಿ ಒಳಗೆ ಬಿಡುವುದಿಲ್ಲ ಎಂದ. ಬಿಡದಿದ್ದರೆ ಭಾಕರಿಯವಳೊಬ್ಬಳು ಗೇಟಿನಲ್ಲೇ ಕಾಯುತ್ತಿದ್ದಾಳೆ, ಅದೂ ಗೊತ್ತು. ಬ್ರೇಕು ಬಿಗಿ ಮಾಡಿಸಿದೆ, ವೈಪರ್ ಬದಲಿಸಿದೆ, ಹಿಂದೆ ಕೆಂಪು ರೇಡಿಯಂ ಪಟ್ಟಿ ಅಂಟಿಸಿದೆ. ಆನ್‌ಲೈನ್ ಅರ್ಜಿ ತುಂಬುವ ಅಂಗಡಿಗೆ ಹೋಗಿ ಕೂತರೆ ಆ ಮನುಷ್ಯ, “ಮಾಲಕಾಚ್ಯಾ ಮೋಬೈಲವರ ಓಟಿಪಿ ಯೇಣಾರ,” ಎಂದ. ಮಾಲೀಕನ ಮೊಬೈಲಿಗೆ ಓಟಿಪಿ ಬರುತ್ತದೆ, ಹತ್ತು ನಿಮಿಷದಲ್ಲಿ ಹೇಳಬೇಕು, ಇಲ್ಲದಿದ್ದರೆ ಅರ್ಜಿ ಮುಂದೆ ಹೋಗುವುದಿಲ್ಲ. ಮಾಲೀಕ ಯಾರು? ನಾನು ಪಾಲಿಶ್ ಪೇಪರಿನಿಂದ ಉಜ್ಜಿ ತೆಗೆದವರು.

ಗಂಡ ಮೂರು ಸಲ ಫೋನು ಮಾಡಿದ, ಭಾವ ಎತ್ತಲಿಲ್ಲ. ಕೆಲಸ ಆಗಬೇಕೆಂದರೆ ಕತ್ತೆಯ ಕಾಲನ್ನೂ ಹಿಡಿಯಬೇಕು. ಬುಧವಾರ ಕೆಂಪು ಎಸ್‌ಟಿ ಬಸ್ಸಿನಲ್ಲಿ ಗಡಹಿಂಗ್ಲಜಕ್ಕೆ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಮಹಾಗಾಂವಕ್ಕೆ ಹೋದೆ. ಊರಿನಲ್ಲಿದ್ದಿದ್ದರೆ ನನ್ನ ಕಡೆಯಿಂದ ಮಾತಾಡಲು ಅಣ್ಣನೋ ಅತ್ತೆಯೋ ಯಾರಾದರೂ ಇರುತ್ತಿದ್ದರು. ಇಲ್ಲಿ ನನ್ನ ಪರವಾಗಿ ಇದ್ದವಳು ನಾನೊಬ್ಬಳೇ. ಅಳು ಬಂತು, ಕಿಟಕಿಗೆ ಮುಖ ಮಾಡಿಕೊಂಡು ಅತ್ತೆ.

ಭಾವ ಹಟ್ಟಿಯಲ್ಲಿ ಕುರಿಯ ಬಾಯಿ ಅಗಲಿಸಿ ಔಷಧ ಕುಡಿಸುತ್ತಿದ್ದರು. ನೆಗೆಣ್ಣಿ, ಅಂದರೆ ಅವರ ಹೆಂಡತಿ, ಕುರಿಯ ಕಾಲು ಹಿಡಿದಿದ್ದಳು. ನಾನು ವಿಷಯ ಹೇಳಿ, ಅಂಗಡಿಯವನಿಗೆ ಫೋನು ಮಾಡಿ, “ಹಂ, ಪಾಠವಾ,” ಎಂದು ಓಟಿಪಿ ಕಳಿಸಲು ಹೇಳಿದೆ. ಭಾವನ ಅಂಗಿಯ ಕಿಸೆಯೊಳಗೆ ಫೋನು ಟಿಂಗ್ ಎಂದಿತು. ಅವರು ಇನ್ನೊಂದು ಕುರಿ ಎಳೆದುಕೊಂಡರು. ಅದಾದ ಮೇಲೆ ಮತ್ತೊಂದು. ಹತ್ತು ನಿಮಿಷ ಮುಗಿದುಹೋಯಿತು.

“ಅಕ್ಕಾ, ನೀವರೆ ಹೇಳ್ರಿ,” ಎಂದು ನೆಗೆಣ್ಣಿಗೆ ಅಂದೆ.

“ನಾ ಏನ ಹೇಳ್ಲೆವ್ವಾ? ಅವರ ಕಿಸೆಕ ನಾ ಕೈ ಹಾಕಾಂಗಿಲ್ಲ,” ಎಂದಳು.

ಅಂಗಡಿಯವನಿಗೆ ಮತ್ತೆ ಕಳಿಸಲು ಹೇಳಿದೆ. ಎರಡನೆಯ ಸಲ ಟಿಂಗ್ ಎಂದಾಗ ಭಾವ ಕೈ ಒರೆಸಿಕೊಂಡರು. ನನ್ನನ್ನು ನೋಡದೆ ಹೆಂಡತಿಗೆ ಅಂದರು: “ಆಕೀನ್ನ ಕೇಳ. ಬಣ್ಣಕ್ಕ ಯಾವಾಗಿಂದ ಮೆಸೇಜ್ ಬರಾಕತ್ತಾವ?”

“ಸಿಟ್ಟಿನ್ಯಾಗ ಅಂದೇನ್ರಿ,” ಎಂದು ನಾನೂ ನೆಗೆಣ್ಣಿಗೇ ಹೇಳಿದೆ. ತಪ್ಪಾಯಿತು ಅನ್ನುವ ಮಾತು ಹಲ್ಲಿನ ತನಕ ಬಂದು ಅಲ್ಲೇ ನಿಂತಿತು.

“ಬಾಗಲ ಮ್ಯಾಲ ನನ್ನ ಹೆಸರ ಐತೋ ಹೋಗೇತೋ, ಅದನ್ನೊಂದ ಕೇಳ.”

ನಾನು ಬಸ್ಸಿನಲ್ಲಿ ಹೋಗಿದ್ದೆ, ಗಾಡಿ ಇಚಲಕರಂಜಿಯಲ್ಲಿತ್ತು. “ಐತ್ರಿ,” ಎಂದುಬಿಟ್ಟೆ. ಹೌದು, ಸುಳ್ಳು ಹೇಳಿದೆ! ಸೋಮವಾರ ಕಣ್ಣ ಮುಂದಿತ್ತು.

ಭಾವ ಫೋನು ತೆಗೆದು ಹೆಂಡತಿಯ ಕೈಗೆ ಕೊಟ್ಟರು. ಅವಳಿಗೆ ಓದಲು ಬಾರದು, ನನ್ನ ಕೈಗೆ ಕೊಟ್ಟಳು. ಅಂಕಿ ಓದಿ ಹೇಳಿದೆ. ಅತ್ತಲಿಂದ “ಝಾಲಂ” ಎಂಬ ಮಾತು ಬಂತು. ಕೆಲಸ ಆಗಿತ್ತು. ಚಹ ಕುಡಿದು ಹೋಗೆಂದು ನೆಗೆಣ್ಣಿ ಕರೆದಳು. ಬಸ್ಸು ತಪ್ಪುತ್ತದೆ ಎಂದು ಹೇಳಿ ಹೊರಟುಬಿಟ್ಟೆ.

ಶುಕ್ರವಾರ ಕೊಲ್ಹಾಪುರದ ಪಾಸಿಂಗ್ ಮೈದಾನ. ಟ್ರಕ್ಕು, ರಿಕ್ಷಾ, ಟೆಂಪೋಗಳ ಸಾಲಿನಲ್ಲಿ ಸ್ಟೇರಿಂಗ್ ಹಿಡಿದ ಹೆಂಗಸು ನಾನೊಬ್ಬಳೇ. ಗಂಡ ಪಾಳಿ ಬಿಟ್ಟು ಬರುವಂತಿರಲಿಲ್ಲ. ಗೇಟಿನ ಏಜೆಂಟನೊಬ್ಬ ಕಿಟಕಿಗೆ ತಲೆ ಹಾಕಿ, “ಮಾಲಕ ಕುಠಂ ಆಹೆ, ತಾಯಿ? ಗಂಡಸರ್‍ಯಾರೂ ಇಲ್ಲವೇ?” ಎಂದು ಎರಡು ಭಾಷೆಯನ್ನೂ ಕಲಸಿ ಕೇಳಿದ. “ಗಾಡಿ ನೋಡಾವ್ರೋ ಗಂಡಸರನ್ನ ನೋಡಾವ್ರೋ?” ಎಂದೆ. ಹಿಂದಿನ ಟ್ರಕ್ಕಿನವರು ನಕ್ಕರು. ನನ್ನ ಪರವಾಗಿ ನಕ್ಕರೋ ಅವನ ಪರವಾಗಿಯೋ ತಿಳಿಯಲಿಲ್ಲ.

ಸಾಹೇಬರು ಬಂದರು. ಚಾಸಿಸ್ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ತಿಕ್ಕಿ ಅಚ್ಚು ತೆಗೆದರು. ದೀಪ, ಹಾರ್ನು, ವೈಪರ್, ಬ್ರೇಕು ಎಲ್ಲ ನೋಡಿದರು. ಸರಿ ಇತ್ತು. ನನ್ನ ಎದೆ ಹಗುರಾಗುವಷ್ಟರಲ್ಲಿ ಅವರು ಎಡಗಡೆಗೆ ನಡೆದು ಕೆಂಪು ಪ್ರೈಮರಿನ ಮುಂದೆ ನಿಂತರು.

“ಮಾಲಕಾಚಂ ನಾವ ಕುಠಂ ಆಹೆ?”

ಮಾಲೀಕನ ಹೆಸರೆಲ್ಲಿ ಎಂದು ಕೇಳುತ್ತಿದ್ದರು. ಸರಕು ಗಾಡಿಯ ಮೇಲೆ ಮಾಲೀಕನ ಹೆಸರು, ಊರು ಬರೆದಿರಲೇಬೇಕಂತೆ. ಬ್ರೇಕು ನೋಡುವ ಸಾಹೇಬರು ಬಾಗಿಲನ್ನು ಯಾಕೆ ನೋಡುತ್ತಾರೆ ಎಂದು ನಾನು ಉಡಾಫೆ ಮಾಡಿದ್ದೆ. ಮಧ್ಯಾಹ್ನದೊಳಗೆ ಬರೆಸಿಕೊಂಡು ತನ್ನಿ, ಇಲ್ಲದಿದ್ದರೆ ಇನ್ನೊಂದು ತಾರೀಖು ತೆಗೆದುಕೊಳ್ಳಿ ಎಂದು ಹೇಳಿ ಮುಂದಿನ ಗಾಡಿಗೆ ಹೋದರು. ಅವರದೇನೂ ತಪ್ಪಿಲ್ಲ, ಅದೇ ನನಗೆ ಹೆಚ್ಚು ಸಿಟ್ಟು ತರಿಸಿತು.

ಗೇಟಿನ ಹೊರಗೆ ಬೇವಿನ ಗಿಡದ ಕೆಳಗೆ ಮುದುಕ ಪೇಂಟರೊಬ್ಬ ನನ್ನಂಥವರಿಗಾಗಿಯೇ ಡಬ್ಬಿ ಇಟ್ಟುಕೊಂಡು ಕೂತಿದ್ದ. ಬಾಗಿಲು ಒರೆಸಿ, ದಾರ ಹಿಡಿದು ಎರಡು ಗೆರೆ ಎಳೆದು, ಕುಂಚ ಅದ್ದಿ ಕೇಳಿದ: “ಕಾಯ ಲಿಹೂ, ತಾಯಿ?” ಏನು ಬರೆಯಲಿ?

“ಕಾಗದದ ಮೇಲಿದೆ,” ಎಂದು ಮರಾಠಿಯಲ್ಲಿ ಹೇಳಿದೆ. ಕಾಗದ ಕೊಡಿ ಎಂದ. ಕಾಗದಗಳೆಲ್ಲ ಒಳಗೆ ಸಾಹೇಬರ ಮೇಜಿನ ಮೇಲಿದ್ದವು. ಗಂಡನಿಗೆ ಫೋನು ಮಾಡಿದೆ. ಮಗ್ಗದ ಸದ್ದಿನಲ್ಲಿ ಅವನಿಗೆ ಫೋನು ಕೇಳಿಸುವುದೇ ಇಲ್ಲ. ಪೇಂಟರ್ ಕುಂಚ ಹಿಡಿದು ಕಾಯುತ್ತಿದ್ದ, ಬಣ್ಣ ತೊಟ್ಟಿಕ್ಕುತ್ತಿತ್ತು. ಬೀಗರ ಮುಂದೆ ಮಾನ ತೆಗೆಯುವಾಗ ನಾಲಿಗೆಗೆ ಅಡ್ಡ ಬಾರದ ರಿವಾಜು, ಹೆಸರು ಹೇಳುವಾಗ ಅಡ್ಡ ಬಂದು ಕೂತಿತು. ಅಲ್ಲಿ ನನ್ನ ಊರಿನವರು ಒಬ್ಬರೂ ಇರಲಿಲ್ಲ, ಕೇಳಿ ಹುಬ್ಬೇರಿಸುವವರು ಯಾರೂ ಇರಲಿಲ್ಲ. ಆದರೂ ಸೆರಗನ್ನು ತಲೆಯ ಮೇಲೆ ಎಳೆದುಕೊಂಡೆ.

“ಭರಮಪ್ಪ ಸಿದ್ದಪ್ಪ,” ಎಂದೆ.

“ಗಾವ?”

“ಮಹಾಗಾಂವ.”

ಮುದುಕ ಬರೆದ. ನಾನು ನಿಂತು ನೋಡಿದೆ. ಹುಟ್ಟಿದ ಮೂಡಲಗಿ ಅದರಲ್ಲಿಲ್ಲ, ದುಡಿಯುವ ಇಚಲಕರಂಜಿಯೂ ಇಲ್ಲ. ನಾನು ಒಂದು ರಾತ್ರಿಯೂ ಸಮಾಧಾನದಿಂದ ಮಲಗದ ಊರು ನನ್ನ ಗಾಡಿಯ ಊರಾಯಿತು. ಎಲ್ಲಿಯವಳು ಎಂದು ನೀವು ಕೇಳಿದರೂ ಇಲ್ಲಿಯವರು ಕೇಳಿದರೂ ಈಗ ನಾನು ಮೊದಲು ಕೇಳಿದವರ ಮುಖ ನೋಡುತ್ತೇನೆ, ಆಮೇಲೆ ಉತ್ತರ ಹೇಳುತ್ತೇನೆ.

ಸಾಹೇಬರು ಬಾಗಿಲು ನೋಡಿ ಸಹಿ ಮಾಡಿದರು. ಪಾಸ್! ಗಂಡನಿಗೆ ಹೇಳೋಣ ಎಂದು ಫೋನು ತೆಗೆಯುವಷ್ಟರಲ್ಲಿ ಅದೇ ಬಡಿದುಕೊಂಡಿತು. ಭಾವನ ನಂಬರು. ನನ್ನ ಫೋನಿಗೆ ಅವರು ಎಂದೂ ಕರೆ ಮಾಡಿದವರಲ್ಲ. ನೆಗೆಣ್ಣಿ ಇರಬಹುದು ಎಂದು ಎತ್ತಿದೆ. ಅವರೇ ಇದ್ದರು, ನಡುವೆ ಯಾರೂ ಇರಲಿಲ್ಲ.

“ಪಾಸ್ ಆತಂತ ಮೆಸೇಜ್ ಬಂದೈತಿ.”

“ಹೌದ್ರಿ, ಭಾವಾರ.”

ಹಿಂದೆ ಕುರಿ ಒದರುವುದು ಕೇಳಿಸಿತು. ಆಮೇಲೆ ಕೇಳಿದರು: “ಬಣ್ಣ ಒಣಗೇತೇನ?”

ಅವರಿಗೆ ಎಲ್ಲ ಗೊತ್ತಿತ್ತು. ಗಡಹಿಂಗ್ಲಜದ ಬಜಾರಕ್ಕೆ ನಾನು ಮೆಣಸಿನಕಾಯಿ ತರಲು ಹೋಗುತ್ತಿದ್ದೆನಲ್ಲ, ಆಗ ಕೆಂಪು ಬಾಗಿಲನ್ನು ಕಣ್ಣಾರೆ ನೋಡಿರಬೇಕು. ನೋಡಿಯೂ ಹಟ್ಟಿಯಲ್ಲಿ ನನ್ನ ಸುಳ್ಳು ಕೇಳಿಸಿಕೊಂಡು ಫೋನು ತೆಗೆದು ಕೊಟ್ಟಿದ್ದರು. ನಾನು ಬೆರಳಿನಿಂದ ಅಕ್ಷರ ಮುಟ್ಟಿದೆ. ಬೆರಳಿಗೆ ಬಿಳಿ ಹತ್ತಿತು.

“ಇನ್ನೂ ಹಸೀ ಐತ್ರಿ,” ಎಂದೆ.

“ಹಂಗಾದ್ರ ಸಾವಕಾಶ ಹೋಗ್ರಿ ಮನೀಗೆ. ಜೋರ ಹೊಡದ್ರ ಧೂಳ ಕೂಡತೈತಿ,” ಎಂದು ಫೋನು ಇಟ್ಟರು.

ಹಿಂದಿನವರು ಹಾರ್ನು ಬಾರಿಸಿದರು, ಮರಾಠಿಯಲ್ಲಿ ಬೈದರು. ಒಬ್ಬನಿಗೂ ತಿರುಗಿ ಬೈಯಲಿಲ್ಲ. ಇಚಲಕರಂಜಿ ಬರುವ ತನಕ ಎರಡನೆಯ ಗೇರಿನಲ್ಲೇ ಬಂದೆ.