ಬುಟ್ಟಿಯಿಂದ ಬಂದ ಕರೆಂಟು

ಐದು ವರ್ಷಗಳ ಹಿಂದಿನ ಕಬ್ಬಿನ ಹಂಗಾಮು. ಸವದತ್ತಿ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ನಾನು ವಿದ್ಯುತ್ ವಿಭಾಗದ ಎಂಜಿನಿಯರ್ ಆಗಿದ್ದೆ. ಸಕ್ಕರೆ ಹರಳಿನಿಂದ ಕಾಕಂಬಿಯನ್ನು ಬೇರ್ಪಡಿಸುವ ಸೆಂಟ್ರಿಫ್ಯೂಗಲ್ ಯಂತ್ರಗಳಿಗೆ ಆಗ ಮೋಟಾರಿನ ವೇಗ ನಿಯಂತ್ರಿಸುವ ಹೊಸ ಡ್ರೈವ್‌ಗಳು ಬಂದಿದ್ದವು. ಯಂತ್ರದೊಳಗೆ ತೂತುಗಳಿರುವ ದೊಡ್ಡ ಉಕ್ಕಿನ ಬುಟ್ಟಿ ನಿಮಿಷಕ್ಕೆ ಸಾವಿರ ಸುತ್ತು ತಿರುಗುತ್ತದೆ. ನಿಲ್ಲಿಸುವಾಗ ಮೋಟಾರೇ ಜನರೇಟರ್ ಆಗಿ, ಬುಟ್ಟಿಯ ವೇಗವನ್ನು ವಿದ್ಯುತ್ತಾಗಿಸಿ ಲೈನಿಗೆ ಮರಳಿಸುತ್ತದೆ. ಇದೇ ರೀಜನರೇಟಿವ್ ಬ್ರೇಕಿಂಗ್.

ಒಂದು ಮಧ್ಯಾಹ್ನ ಮೂರನೇ ಯಂತ್ರದ ಪ್ಯಾನೆಲ್‌ನಿಂದ ಸುಟ್ಟ ವಾಸನೆ ಬಂತು. ಬುಟ್ಟಿ ಪೂರ್ಣ ವೇಗದಲ್ಲಿತ್ತು. ಹಿರಿಯ ಎಲೆಕ್ಟ್ರಿಷಿಯನ್, ದೊಡವಾಡದ ಈರಪ್ಪ ಓಡಿಹೋಗಿ ಮೇನ್ ಸ್ವಿಚ್ ಇಳಿಸಿದರು, ಅದಕ್ಕೆ ಕೀಲಿ ಜಡಿದರು, ಬಂದು ಪ್ಯಾನೆಲ್ ಬಾಗಿಲು ತೆರೆದರು. ಒಳಗೆ ತಾಮ್ರದ ಪಟ್ಟಿಯೊಂದರ ಬೋಲ್ಟು ಸಡಿಲಾಗಿ ಕಪ್ಪಿಟ್ಟಿತ್ತು. ಅದನ್ನು ಬಿಗಿಯಲು ಪಾನಾ ಹಿಡಿದು ಬಗ್ಗಿದರು.

ನಾನು ಹಿಂದೆ ನಿಂತಿದ್ದೆ. ಪ್ಯಾನೆಲ್‌ ಒಳಗಿನ ಡ್ರೈವ್‌ನ ಪರದೆಯಲ್ಲಿ ಅಂಕಿಗಳು ಇನ್ನೂ ಬೆಳಗುತ್ತಿದ್ದವು. ಮೇನ್ ಹೋದ ಮೇಲೂ ಇದೇಕೆ ಎಂಬ ಕುತೂಹಲ ಮೊದಲು ಬಂತು, ಭಯ ಆಮೇಲೆ.

“ಈರಪ್ಪಣ್ಣ, ಕೈ ಹಿಂದ ತಗೀರಿ!”

“ಮೇನ್ ಬಂದ್ ಮಾಡೇನ್ರಿ ಸಾಹೇಬ್ರ. ಕೀಲಿ ನನ್ನ ಕಿಸೇದಾಗ ಐತಿ. ನನ್ನ ಕೇಳದ ಕರೆಂಟ್ ಹೆಂಗ ಬರತೈತಿ?” ಎಂದು ನಕ್ಕರು. ಪಾನಾ ಪಟ್ಟಿಗೆ ನಾಲ್ಕು ಬೆರಳು ದೂರದಲ್ಲಿತ್ತು.

“ಮೊದಲ ಮೀಟರ್ ಹಚ್ಚೂಣು.”

ಮೀಟರ್ ಐನೂರು ವೋಲ್ಟ್ ದಾಟಿತು. ಈರಪ್ಪ ಪಾನಾವನ್ನು ಮೆಲ್ಲಗೆ ನೆಲಕ್ಕಿಟ್ಟರು.

“ಇದು ಎಲ್ಲಿಂದ ಬರಾಕತ್ತೈತ್ರಿ?”

ನಾನು ಯಂತ್ರದತ್ತ ಕೈ ತೋರಿಸಿದೆ. ಬುಟ್ಟಿ ಇನ್ನೂ ತಿರುಗುತ್ತಿತ್ತು.

ಲೈನ್ ಹೋದರೂ ಬ್ರೇಕ್ ಕೈಕೊಡಬಾರದೆಂದು, ಬುಟ್ಟಿಯ ವೇಗದಿಂದಲೇ ವಿದ್ಯುತ್ ಪಡೆದು ಡ್ರೈವ್ ತನ್ನನ್ನು ಜೀವಂತ ಇಟ್ಟುಕೊಳ್ಳುವ ಏರ್ಪಾಡು ಅದರಲ್ಲಿತ್ತು. ಏರ್ಪಾಡು ಒಳ್ಳೆಯದೇ. ಆದರೆ ಪ್ಯಾನೆಲ್ ಬಾಗಿಲಿಗೆ ಅದರ ಸುದ್ದಿಯೇ ಇರಲಿಲ್ಲ. ಬುಟ್ಟಿ ತಿರುಗುವಾಗಲೂ ತೆರೆದುಕೊಂಡಿತ್ತು.

ಇಬ್ಬರೂ ನೋಡುತ್ತ ನಿಂತೆವು. ಬುಟ್ಟಿ ನಿಧಾನವಾದಂತೆ ವೋಲ್ಟ್ ಇಳಿಯುತ್ತದೆಂದು ಎಣಿಸಿದ್ದೆ. ಇಳಿಯಲಿಲ್ಲ; ಡ್ರೈವ್ ಅದನ್ನು ಒಂದೇ ಮಟ್ಟದಲ್ಲಿ ಹಿಡಿದಿತ್ತು. ಬುಟ್ಟಿ ನಿಲ್ಲುವ ಹಂತಕ್ಕೆ ಬಂದ ಮೇಲಷ್ಟೇ, ವಿದ್ಯುತ್ ಹಿಡಿದಿಟ್ಟುಕೊಂಡಿದ್ದ ಕೆಪಾಸಿಟರ್‌ಗಳು ಬರಿದಾಗುತ್ತ, ಅಂಕಿ ಒಂದೊಂದೇ ಕೆಳಗೆ ಬಂತು.

“ನಮ್ಮ ಮನಿಯಾಕಿಗೆ ಹೇಳಬ್ಯಾಡ್ರಿ,” ಎಂದರು ಈರಪ್ಪ. “ನಾಳಿಂದ ಕೆಲಸಕ್ಕ ಬಿಡಂಗಿಲ್ಲ.”

ಹಂಗಾಮು ಮುಗಿಯುವ ಮೊದಲೇ ಎಲ್ಲ ಪ್ಯಾನೆಲ್‌ಗಳನ್ನೂ ಬದಲಿಸಿದೆವು. ಈಗ ಬುಟ್ಟಿ ನಿಂತು, ವೋಲ್ಟ್ ಐವತ್ತರ ಕೆಳಗಿಳಿದರೆ ಮಾತ್ರ ಬಾಗಿಲು ತೆರೆಯುತ್ತದೆ. ಕೆಪಾಸಿಟರ್ ಬೇಗ ಬರಿದಾಗಲು ಒಂದು ರೆಸಿಸ್ಟರ್ ಸೇರಿಸಿದೆವು.

ಈಗ ಯಾವ ಡ್ರೈವ್‌ನ ಸರ್ಕ್ಯೂಟ್ ನಕ್ಷೆ ಕೈಗೆ ಬಂದರೂ ಎರಡು ಪ್ರಶ್ನೆ ಕೇಳುತ್ತೇನೆ. ಲೈನ್ ಇಲ್ಲದಾಗ ತಿರುಗುವ ಭಾರದ ಶಕ್ತಿ ಎಲ್ಲಿಗೆ ಹೋಗುತ್ತದೆ? ಆ ಹೊತ್ತಿಗೆ ಅಲ್ಲಿ ಯಾರ ಕೈ ಇರುತ್ತದೆ? ಎರಡನೆಯದಕ್ಕೆ ಉತ್ತರ ಬರೆದ ನಕ್ಷೆಯನ್ನು ನಾನಿನ್ನೂ ಕಂಡಿಲ್ಲ. ಅದನ್ನು ಯಂತ್ರದ ಎದುರು ನಿಂತೇ ನೋಡಬೇಕು.