ತಿಪ್ಪೆಯ ಮೇಲೆ ಆಡಿದ ಮಾತು

ನಾನು ಯಳಂದೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಕಲಿಸುವವಳು. ದೆವ್ವ, ಗಾಳಿ, ಶಕುನ ಅಂದವರನ್ನು ಕಂಡರೆ ನಗುತ್ತಿದ್ದವಳು. ನೀವು ನಂಬಲೇಬೇಕೆಂಬ ಹಟ ನನಗಿಲ್ಲ. ಕಂಡದ್ದನ್ನು ಹೇಳುತ್ತೇನೆ, ಅಷ್ಟೆ.

ಅಕ್ಕನನ್ನು ಮಾಂಬಳ್ಳಿಯ ನಮ್ಮ ಸೋದರಮಾವನಿಗೇ ಕೊಟ್ಟಿದ್ದರು. ಪಟ್ಟು ಹಿಡಿದು ಆ ಮದುವೆ ಮಾಡಿಸಿದವಳು ನಮ್ಮ ಅಜ್ಜಿ, ಅಂದರೆ ಅಕ್ಕನ ಅತ್ತೆ. ಮೊದಲ ಎರಡು ಗಂಡುಮಕ್ಕಳು ವರ್ಷ ತುಂಬುವ ಮೊದಲೇ ಕೆಮ್ಮಿ ಸೊರಗಿ ತೀರಿಕೊಂಡವು. ಹಿತ್ತಲ ತಿಪ್ಪೆಯಾಚೆ ಹೂತರು. ಮೂರನೆಯವನಿಗೂ ಅದೇ ಕಾಯಿಲೆ ಎಂದು ದೊಡ್ಡಾಸ್ಪತ್ರೆಯಲ್ಲಿ ಗೊತ್ತಾಯಿತು. ರೋಗ ತಡೆಯುವ ಶಕ್ತಿಯೇ ರಕ್ತದಲ್ಲಿಲ್ಲ, ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಜೀನ್ ಬಂದಿದೆ, ರಕ್ತಸಂಬಂಧದ ಮದುವೆಯಲ್ಲಿ ಹೀಗಾಗುವುದು ಹೆಚ್ಚು ಎಂದರು ಡಾಕ್ಟರು. ಅಜ್ಜಿ ತಲೆ ಎತ್ತಲಿಲ್ಲ.

ಮಗುವಿನ ಮೂಳೆಮಜ್ಜೆಯ ಜೀವಕೋಶ ತೆಗೆದು, ಸರಿಯಾದ ಜೀನ್ ಸೇರಿಸಿ, ಮತ್ತೆ ಅವನ ಮೈಗೇ ಬಿಟ್ಟರು. ಅದು ನೆಲೆಯೂರುವವರೆಗೆ ಮಣ್ಣು, ಗೊಬ್ಬರ, ಜನ ಏನೂ ಸೋಕಬಾರದೆಂದು ಹೇಳಿ ಮನೆಗೆ ಕಳಿಸಿದರು. ಅಕ್ಕ ಅವನೊಂದಿಗೆ ಒಂದು ಕೋಣೆ ಸೇರಿದಳು. ಮಾಸ್ಕ್ ಕಟ್ಟಿಕೊಂಡೇ ದಿನವಿಡೀ "ಅವ್ವ ಅನ್ನು ಮಗ, ಅವ್ವ" ಎಂದು ಹೇಳಿಕೊಡುತ್ತಿದ್ದಳು. ಅವನು ನಗುತ್ತಿದ್ದ. ಒಂದು ಮಾತೂ ಆಡುತ್ತಿರಲಿಲ್ಲ.

ಒಂದು ಮಧ್ಯಾಹ್ನ ನಾನು ಹೋದಾಗ ಅಕ್ಕ ಬಚ್ಚಲಲ್ಲಿದ್ದಳು, ಕೋಣೆ ಖಾಲಿಯಿತ್ತು. ಹಿತ್ತಲಿಗೆ ಓಡಿದೆ. ತಿಪ್ಪೆಯ ಮೇಲೆ ಮೊರ, ಮೊರದಲ್ಲಿ ಮಗು. ಮಕ್ಕಳು ಉಳಿಯದ ಮನೆಯಲ್ಲಿ ಕೂಸನ್ನು ತಿಪ್ಪೆಗೆ ಹಾಕಿ, ಬೇರೆಯವರು ಎತ್ತಿಕೊಂಡ ಮೇಲೆ ತೌಡು ಕೊಟ್ಟು ಅವರಿಂದ ಕೊಂಡುಕೊಳ್ಳುತ್ತಾರೆ. ತಿಪ್ಪ ಎಂದು ಹೆಸರಿಡುತ್ತಾರೆ. ಯಾರಿಗೂ ಬೇಡದ ಕೂಸೆಂದು ಸಾವು ಬಿಟ್ಟುಹೋಗಲಿ ಎಂದು.

"ಕೂಗ್ಬ್ಯಾಡ ಕಣವ್ವ, ಪಕ್ಕದ್ಮನೆ ಸಿದ್ದಮ್ಮ ಬತ್ತಾವ್ಳೆ. ಅವ್ಳು ಎತ್ಕೊಟ್ರೆ ಮಗ ಉಳ್ಕತದೆ" ಎಂದು ಅಜ್ಜಿ ನನ್ನ ಕೈ ಹಿಡಿದಳು. ಅವಳ ಮಡಿಲಲ್ಲಿ ತೌಡಿತ್ತು.

ಆಗ ಮಗು ತಿಪ್ಪೆಯಾಚೆಗೆ ತಿರುಗಿದ. ಎತ್ತಿಕೊಳ್ಳಿ ಎನ್ನುವಂತೆ ಒಂದು ಕೈ ಎಡಕ್ಕೆ, ಒಂದು ಕೈ ಬಲಕ್ಕೆ ಚಾಚಿದ. ಎಡಕ್ಕೆ ನೋಡಿ "ಅಣ್ಣಾ" ಅಂದ. ಬಲಕ್ಕೆ ನೋಡಿ ಇನ್ನೊಮ್ಮೆ "ಅಣ್ಣಾ" ಅಂದ. ಅಲ್ಲಿ ಯಾರೂ ಇರಲಿಲ್ಲ. ಆ ಮನೆಯಲ್ಲಿ ಅಣ್ಣ ಅನ್ನಿಸಿಕೊಳ್ಳುವವರೇ ಇರಲಿಲ್ಲ, ಅಕ್ಕನೆದುರು ಆ ಮಾತು ಎತ್ತುವ ಧೈರ್ಯವೂ ಯಾರಿಗೂ ಇರಲಿಲ್ಲ. ನಾನು ಬಾಚಿ ಎತ್ತಿಕೊಂಡರೆ ಆಚೆಗೇ ಕೈ ಚಾಚಿ ಬಿಕ್ಕಿ ಬಿಕ್ಕಿ ಅತ್ತ.

ವಾರದೊಳಗೆ ಜ್ವರ ಬಂತು, ಸೋಂಕು ಎದೆಗಿಳಿಯಿತು. ಆಸ್ಪತ್ರೆಯಲ್ಲಿ ತೀರಿಕೊಂಡ. ಹೊಸ ಜೀವಕೋಶಗಳು ಕೆಲಸ ಶುರು ಮಾಡಿದ್ದವಂತೆ. ಇನ್ನು ಕೆಲವು ತಿಂಗಳು ಕಳೆದಿದ್ದರೆ ಎಲ್ಲ ಮಕ್ಕಳಂತೆ ಮಣ್ಣಲ್ಲಿ ಆಡುತ್ತಿದ್ದ ಎಂದರು ಡಾಕ್ಟರು. ಅವನನ್ನು ಅಣ್ಣಂದಿರ ನಡುವೆ ಹೂತರು. ಜಾಗ ಇದ್ದದ್ದು ಅಲ್ಲೇ.

"ಅವ್ರಣ್ಣದೀರು ತಕಂಡೋದ್ರು, ನಾನೇನ್ಮಾಡ್ಲಿ" ಎನ್ನುತ್ತಾಳೆ ಅಜ್ಜಿ. ಅಕ್ಕ ಅವಳ ಮುಖ ನೋಡುವುದಿಲ್ಲ. ನನ್ನನ್ನು ಮಾತ್ರ, ಹೋದಾಗಲೆಲ್ಲ ಕೇಳುತ್ತಾಳೆ: "ನೀನಿದ್ದೆಯಲ್ಲೇ ಅಲ್ಲಿ. ಅವ್ವ ಅಂದ್ನಾ?"