ಏಳನೇ ದಿನದ ಗುಂಡು ಗುರುತು

ಆಕೆಯ ಬಲಗೈಯ ಹೆಬ್ಬೆರಳು, ತೋರುಬೆರಳಿನ ತುದಿಗಳು ಯಾವಾಗಲೂ ಕೆಂಗುಲಾಬಿ. ಮದರಂಗಿಯಲ್ಲ, ರೋಗಾಣು ಕಾಣಲೆಂದು ಗಾಜಿಗೆ ಹಚ್ಚುವ ಬಣ್ಣ, ಯಾವ ಸಾಬೂನಿಗೂ ಜಗ್ಗದ್ದು. ಸಿಂಧನೂರಿನ ಒಂದು ಸಣ್ಣ ಲ್ಯಾಬಿನಲ್ಲಿ ಇಪ್ಪತ್ತು ವರ್ಷ ರಕ್ತ, ಕಫ, ಕೀವು ನೋಡಿದ ಹೆಂಗಸು. "ಯಾರ ಮದುವಿ ರೀ ಬಾಯಾರ, ಕೈ ಕೆಂಪಗದಾವ?" ಎಂದು ಯಾರಾದರೂ ಚೇಷ್ಟೆ ಮಾಡಿದರೆ, "ನಿನ್ನ ಕಫದ್ದು. ಡಬ್ಬಿ ಇಲ್ಲಿಟ್ಟು ಆ ಕಡೆ ಕುಂದ್ರು" ಅನ್ನುತ್ತಿದ್ದಳು. ಬಂದವರೆಲ್ಲ ಆಕೆಯನ್ನು ಲ್ಯಾಬಿನವ್ವ ಎಂದೇ ಕರೆಯುತ್ತಿದ್ದರು.

ನಾನು ಮಸ್ಕಿಯಿಂದ ಸಂತೆಕಲ್ಲೂರಿಗೆ ಹೋಗಿ ಬರುವ ಶಾಲೆಯ ಅಕ್ಕೋರು. ಹಲಗೆಯ ಮೇಲೆ ಬರೆಯುವುದೇ ನನ್ನ ಅನ್ನ. ಒಮ್ಮೆ ಬಲಭುಜ ನೋವೆಂದು ಹತ್ತಿರದ ಡಾಕ್ಟರರ ಬಳಿ ಹೋದೆ. ಅವರು ಗುಳಿಗೆ ಬರೆಯುತ್ತಿದ್ದರು. "ಗುಳಿಗೀಲೆ ಏನಾಗ್ತೈತ್ರೀ, ಒಂದು ಸೂಜಿ ಮಾಡ್ರಿ" ಎಂದು ಬೇಡಿ ಭುಜಕ್ಕೇ ಚುಚ್ಚಿಸಿಕೊಂಡವಳು ನಾನೇ. ನಮ್ಮ ಕಡೆ ಸೂಜಿ ಮಾಡದವನು ಡಾಕ್ಟರೇ ಅಲ್ಲ. ತಿಂಗಳೊಳಗೆ ಚುಚ್ಚಿದ ಜಾಗ ಗಂಟು ಕಟ್ಟಿ ಒಡೆದು ಸೋರತೊಡಗಿತು. ಕೊಯ್ದು ತೊಳೆದರು, ಮತ್ತೆ ಸೋರಿತು. ಲಿಂಗಸುಗೂರಿನಲ್ಲೊಬ್ಬರು ಕೀವಿನಲ್ಲಿ ಟಿ.ಬಿ. ತರಹದ್ದು ಕಂಡಿತೆಂದು ಟಿ.ಬಿ. ಗುಳಿಗೆ ಶುರು ಮಾಡಿದರು. ನಾಲ್ಕು ತಿಂಗಳು ನುಂಗಿದೆ. ಗುಳಿಗೆಯ ಬಣ್ಣಕ್ಕೆ ಉಚ್ಚೆ ಕೆಂಪಾಯಿತೇ ಹೊರತು ಗಾಯ ಮಾಯಲಿಲ್ಲ. ಕೈ ಕಿವಿಯ ಮಟ್ಟಕ್ಕೂ ಏಳದಾಯಿತು. ಇನ್ನಷ್ಟು ಮಾಂಸ ಕೊರೆದು ತೆಗೆಯಬೇಕು, ಕೈ ಮೊದಲಿನಂತಾಗುವ ಖಾತ್ರಿ ಇಲ್ಲ ಎಂದರು. ಹಲಗೆ ಮುಟ್ಟದ ಅಕ್ಕೋರು ಯಾರಿಗೆ ಬೇಕು? ನಾನು ಹೆದರಿದ್ದೆ, ಆದರೆ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಕೊರೆಯುವ ಮುನ್ನ ಇನ್ನೊಮ್ಮೆ ಕೀವು ನೋಡಿಸೋಣವೆಂದು ಸಿಂಧನೂರಿಗೆ ಹೋದೆ. ಲ್ಯಾಬಿನವ್ವ ಗಾಯ ನೋಡಿದಳು, ನಾನು ಸೂಜಿ ಬೇಡಿದ ಕತೆ ಕೇಳಿದಳು, ಚೀಟಿ ನೋಡಿದಳು.

"ಈ ಗುಳಿಗಿ ಯಾಕ ತಿನ್ನಾಕತ್ತೀರಿ?"

"ಟಿ.ಬಿ. ಅಂದಾರ್ರಿ."

"ಗಾಜಿನ ಮ್ಯಾಲ ಕೆಂಪು ಬಣ್ಣ ಹಿಡಿದದ್ದೆಲ್ಲ ಟಿ.ಬಿ. ಅಲ್ರೀ ಅಕ್ಕೋರ. ಅದರ ಅಣ್ತಮ್ಮರು ನೀರಾಗ, ಮಣ್ಣಾಗ ಭಾಳ ಅದಾವ. ಕುಲ ಒಂದ, ಗುಣ ಬ್ಯಾರೆ. ಮೊದಲು ಹೆಸರ ಕೇಳಬೇಕು, ಆಮ್ಯಾಲ ಬಡೀಬೇಕು."

ಈ ಕೊನೆಯ ಮಾತು ಆಕೆಯ ಸ್ವಂತ ಗಾದೆ. ಮುಕ್ಕುಂದದಿಂದ ಬರುವ ಭತ್ತದ ರೈತರಿಗೂ ಅದನ್ನೇ ಹೇಳುತ್ತಿದ್ದಳು: ಪಕ್ಕದ ಗದ್ದೆಯವನು ಹೊಡೆದ ಎಣ್ಣೆಯನ್ನೇ ನೀನೂ ಹೊಡೆದರೆ ನಿನ್ನ ಹುಳ ಸಾಯುತ್ತದೇನು?

ಆ ಲ್ಯಾಬಿನಲ್ಲಿ ಒಂದು ರೂಢಿ. ರೋಗಾಣು ಬೆಳೆಯಲೆಂದು ಕೀವನ್ನು ಪ್ಲೇಟಿನಲ್ಲಿ ಹಚ್ಚಿ ಬೆಚ್ಚನೆಯ ಪೆಟ್ಟಿಗೆಯೊಳಗಿಡುವುದು. ಎರಡು ದಿನದಲ್ಲಿ ಏನೂ ಬೆಳೆಯದಿದ್ದರೆ 'ಬೆಳವಣಿಗೆ ಇಲ್ಲ' ಎಂದು ಬರೆದುಕೊಟ್ಟು ಮೂರನೇ ದಿನ ಪ್ಲೇಟು ಎಸೆಯುವುದು. ನನ್ನದರಲ್ಲೂ ಏನೂ ಬೆಳೆದಿರಲಿಲ್ಲ. ನಾನು ವರದಿಗೆ ಹೋದಾಗ ಮಾಲೀಕ, "ಒಗದು ಬಿಡ್ರಿ ಅದನ್ನ, ಜಾಗ ಇಲ್ಲ" ಅನ್ನುತ್ತಿದ್ದ. ಆಕೆ ಗೋಡೆಯ ಮೇಲಿನ ಬುದ್ಧನ ಕ್ಯಾಲೆಂಡರಿನಲ್ಲಿ ಏಳನೇ ದಿನಕ್ಕೆ ಗುಂಡು ಗುರುತು ಹಾಕಿದಳು. "ಇದು ತಡಾ ಮಾಡಿ ಏಳೂ ಜಾತಿ ಇರಬಹುದು, ಇಲ್ಲೀತನಕ ಒಗಿಯಂಗಿಲ್ಲ. ಒಗಿಯೋದಾದ್ರ ನನ್ನನ್ನೂ ಅದರ ಕೂಡ ಹೊರಗ ಹಾಕ್ರಿ." ಸಂಬಳ ಕೊಡುವವನ ಮುಂದೆ ಹಾಗೆ ನಿಂತ ಹೆಂಗಸನ್ನು ನಾನು ಅದುವರೆಗೆ ನೋಡಿರಲಿಲ್ಲ. ಮಾಲೀಕ ಗೊಣಗುತ್ತ ಒಳಗೆ ಹೋದ.

ಐದನೇ ದಿನ ಫೋನು ಬಂತು. "ಅಕ್ಕೋರ, ಕಳ್ಳ ಬಂದಾನ." ಹೋಗಿ ನೋಡಿದರೆ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕೆಗಳು. ಟಿ.ಬಿ.ಯಾದರೆ ವಾರಗಟ್ಟಲೆ ಬೇಕು, ಐದು ದಿನಕ್ಕೆ ಏಳುವುದಿಲ್ಲವಂತೆ. ಅದರ ಹೆಸರು ಯಾವುದು, ಯಾವ ಔಷಧಕ್ಕೆ ಸಾಯುತ್ತದೆ ಎಂದು ಕೇಳಿ ಹೈದರಾಬಾದಿನ ದೊಡ್ಡ ಲ್ಯಾಬಿಗೆ ಕಳಿಸಿದಳು. ವರದಿ ಬಂದಾಗ ಕೆಂಪು ಬೆರಳಿಟ್ಟು ಸಾಲು ಸಾಲಾಗಿ ಓದಿಸಿದಳು. ನಾನು ನಾಲ್ಕು ತಿಂಗಳು ನುಂಗಿದ್ದಕ್ಕೆ ಅದು ಕ್ಯಾರೇ ಅಂದಿರಲಿಲ್ಲ. ಅಷ್ಟುದ್ದ ಪಟ್ಟಿಯಲ್ಲಿ ಅದು ಮಣಿದದ್ದು ಮೂರೇ ಔಷಧಕ್ಕೆ.

"ಮೂರ ಸಾಕು ಬಿಡ್ರಿ. ಆದ್ರ ಒಂದನ್ನ ಕೊಟ್ರ ಅದು ತಡಕೊಳ್ಳಾಕ ಕಲತು ಬಿಡ್ತೈತಿ, ಜೋಡಿ ಕೊಡಬೇಕು. ಡಾಕ್ಟರಿಗೆ ಕೇಳ್ರಿ, ನಾಚಬ್ಯಾಡ್ರಿ." ಆ ಮೂರರಲ್ಲಿ ಒಂದು ಸೂಜಿಯೇ. "ಬೇಡಿದ್ದು ಸಿಕ್ತಲ್ಲ" ಎಂದು ಬಿದ್ದು ಬಿದ್ದು ನಕ್ಕಳು.

ರಾಯಚೂರಿನ ಡಾಕ್ಟರು ವರದಿ ನೋಡಿ ಔಷಧ ಬದಲಿಸಿದರು. ಆರು ತಿಂಗಳಿಗೆ ಗಾಯ ಒಣಗಿತು, ಕೊರೆಯುವ ಮಾತೇ ಬರಲಿಲ್ಲ.

ಹೋದ ವರ್ಷ ಲ್ಯಾಬಿನವ್ವ ಎದೆಬೇನೆಯಿಂದ ತೀರಿಕೊಂಡಳು. ನನಗೆ ತಿಳಿದದ್ದು ಮಣ್ಣಾದ ಮೂರು ದಿನದ ಮೇಲೆ. ಮುಖ ನೋಡಲಾಗಲಿಲ್ಲವೆಂದು ನನ್ನ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ಮೊನ್ನೆ ನಮ್ಮ ಶಾಲೆಯ ಬಿಸಿಯೂಟದ ಅಡುಗೆಯಾಕೆಗೆ ಸೊಂಟದಲ್ಲಿ ಅಂಥದೇ ಗಾಯ, ಸೂಜಿ ಚುಚ್ಚಿದ ಜಾಗದಲ್ಲೇ. ಸಿಂಧನೂರಿನ ಅದೇ ಲ್ಯಾಬಿಗೆ ಕರೆದುಕೊಂಡು ಹೋಗಿ ಕೀವು ಕೊಡಿಸಿದೆ. ಮೂರನೇ ದಿನ ವರದಿಗೆ ಹೋದೆ, ಅಲ್ಲಿದ್ದವನು ಹೊಸ ಟೆಕ್ನಿಷಿಯನ್ನು. "ಏನೂ ಬೆಳದಿಲ್ರೀ" ಎಂದು ವರದಿ ಚಾಚಿದ. ನಾನು ಅದನ್ನು ಮುಟ್ಟಲಿಲ್ಲ.

"ಪ್ಲೇಟ್ ಎಲ್ಲೈತಿ?"

"ಒಗಿಯಾಕ ತಗದಿಟ್ಟೀನ್ರಿ."

"ಹೊಳ್ಳಿ ಒಳಗಿಡಪಾ. ಏಳನೇ ದಿನದ ತನಕ."

"ಹಂಗ ಇಡೂ ಪದ್ಧತಿ ಇಲ್ರೀ ಅಕ್ಕೋರ."

ಮೇಜಿನ ಮೇಲಿದ್ದ ಅವನ ಪೆನ್ನು ತೆಗೆದುಕೊಂಡೆ. ಗೋಡೆಯ ಕ್ಯಾಲೆಂಡರನ್ನು ಈಗ ಬಹಳ ಮೇಲೆ ಕಟ್ಟಿದ್ದಾರೆ. ಬಲಗೈಯನ್ನು ಪೂರ್ತಿ ಎತ್ತಿ ಏಳನೇ ದಿನಕ್ಕೆ ಗುಂಡು ಗುರುತು ಹಾಕಿದೆ. ಆಮೇಲೆ ಅವನು ಪ್ಲೇಟನ್ನು ವಾಪಸ್ ಒಳಗಿಡುವ ತನಕ ಅಲ್ಲೇ ನಿಂತೆ.